ಮಲಗಿದ ಗೆಡ್ಡೆಗೆ ನೀರು ಬೇಡ

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಒಣಗಿದ್ದವು. ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಬಸವನಗುಡಿಯ ನಮ್ಮ ಬೀದಿಯಲ್ಲಿ ಗುಲಾಬಿ, ದಾಸವಾಳ ಇಟ್ಟುಕೊಂಡವರೆಲ್ಲ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಂದು ಬಕೆಟ್ ಹಿಡಿದು ಓಡಾಡತೊಡಗಿದರು.

ನನ್ನ ತಾರಸಿಯ ಮೇಲೆ ಆಗ ಇಪ್ಪತ್ಮೂರು ಕುಂಡಗಳಿದ್ದವು. ಒಂದರಲ್ಲೂ ಹಸಿರಿಲ್ಲ. ಬರೀ ಬಿರಿದ ಮಣ್ಣು. ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯವರು ಅತ್ತಲಿಂದ ನೋಡಿ, "ಏನ್ ಸಾರ್, ಎಲ್ಲಾ ಹೋಯ್ತಾ?" ಎಂದು ಪಾಪದ ದನಿಯಲ್ಲಿ ಕೇಳಿದರು.

"ಇಲ್ಲ ಸಾರ್, ಮಲಗಿವೆ" ಎಂದೆ. ಅವರು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದರು.

ಆ ಕುಂಡಗಳಲ್ಲಿರುವುದು ಗೆಡ್ಡೆಯ ಹೂಗಿಡಗಳು. ಮಕ್ಕಳೇ, ಅಡುಗೆಮನೆಯಿಂದ ಒಂದು ಈರುಳ್ಳಿ ತಂದು ಅಮ್ಮನ ಕೈಲಿ ಉದ್ದಕ್ಕೆ ಸೀಳಿಸಿ ನೋಡಿ. ಕೆಳಗಡೆ ಒಂದು ಗಟ್ಟಿ ಬಿಲ್ಲೆ ಇದೆಯಲ್ಲ, ಅದೇ ಕಾಂಡ. ಅಷ್ಟು ಗಿಡ್ಡ ಕಾಂಡ! ಅದರ ಮೇಲೆ ಒಂದರೊಳಗೊಂದು ಕೂತಿರುವ ದಪ್ಪ ಪದರಗಳೆಲ್ಲ ಎಲೆಗಳೇ, ಆಹಾರ ತುಂಬಿಕೊಂಡು ಊದಿದ ಎಲೆಗಳು. ನಟ್ಟನಡುವೆ ಎಳೆಯ ಮೊಗ್ಗು. ಹೊರಗಿನ ಕಾಗದದಂಥ ಸಿಪ್ಪೆ ಒಳಗಿನ ತೇವ ಆರದಂತೆ ಕಾಯುತ್ತದೆ. ಮಳೆ ಇದ್ದಾಗ ಎಲೆ ಬಿಟ್ಟು ದುಡಿಯುವುದು, ದುಡಿದದ್ದನ್ನು ಕೆಳಗೆ ಕೂಡಿಡುವುದು, ಮಳೆ ನಿಂತಾಗ ಎಲೆ ಉದುರಿಸಿ ಬಾಗಿಲು ಹಾಕಿಕೊಳ್ಳುವುದು, ಇದು ಅದರ ಸಂಸಾರ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಫಿಕ್ಸೆಡ್ ಡಿಪಾಸಿಟ್ಟಿನಂತೆಯೇ ಕಾಣುತ್ತದೆ. ಅವಧಿ ಮುಗಿಯುವ ಮೊದಲು ಕೈ ಹಾಕಿದರೆ ನಷ್ಟ.

ಆ ನಷ್ಟ ನಾನು ಒಮ್ಮೆ ಅನುಭವಿಸಿದ್ದೇನೆ. ಅದನ್ನು ಹೇಳುವುದಕ್ಕೇ ಈ ಲೇಖನ.

ನಮ್ಮಮ್ಮನ ತವರು ಚಾಮರಾಜಪೇಟೆ. ಮದುವೆಯಾಗಿ ಬಸವನಗುಡಿಗೆ ಬರುವಾಗ ಆಕೆ ತಂದ ಸಾಮಾನಿನಲ್ಲಿ ನಾಲ್ಕು ಗೆಡ್ಡೆಗಳೂ ಇದ್ದವಂತೆ. ವರ್ಷದಲ್ಲಿ ಒಂದೇ ಸಲ, ಮೊದಲ ಬೇಸಿಗೆ ಮಳೆ ಬಿದ್ದ ಕೆಲವು ದಿನಕ್ಕೆ, ಮಣ್ಣಿನಿಂದ ಒಂದು ದಪ್ಪ ದಂಟು ಏಳುತ್ತಿತ್ತು. ದಂಟಿನ ಬುಡದಲ್ಲಿ ಹಾವಿನ ಮೈಯಂಥ ಕಂದು ಚುಕ್ಕೆ. ತುದಿಯಲ್ಲಿ ಕೆಂಪು ಚೆಂಡು. ಚೆಂಡೆಂದರೆ ಒಂದು ಹೂವಲ್ಲ. ದೊಡ್ಡ ಗೆಡ್ಡೆಯಾದರೆ ನೂರಕ್ಕೂ ಹೆಚ್ಚು ಪುಟ್ಟ ಹೂಗಳು ಒಂದೇ ದಂಟಿನ ತಲೆಯ ಮೇಲೆ ಸುತ್ತಲೂ ಕೇಸರ ಚಾಚಿಕೊಂಡು ನಿಲ್ಲುತ್ತವೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಇರುತ್ತದೆ. ಬೇಸಿಗೆ ರಜೆಯಲ್ಲೇ ಬರುತ್ತಿದ್ದುದರಿಂದ ನಾವು ಹುಡುಗರು ಅದನ್ನು 'ರಜದ ಹೂವು' ಎನ್ನುತ್ತಿದ್ದೆವು. ಕೆಲವರು 'ಮೇ ಫ್ಲವರ್' ಅನ್ನುತ್ತಾರೆ, ಕೆಲವರು 'ಫುಟ್‌ಬಾಲ್ ಲಿಲ್ಲಿ'. ಸಸ್ಯಶಾಸ್ತ್ರದಲ್ಲಿ ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್. ಹಳೆಯ ಪುಸ್ತಕಗಳಲ್ಲಿ ಹೀಮಾಂಥಸ್ ಎಂದಿರುತ್ತದೆ, ಅಂದರೆ ರಕ್ತಪುಷ್ಪ. ಹುಟ್ಟೂರು ಆಫ್ರಿಕಾ. ಅಲ್ಲಿಂದ ಚಾಮರಾಜಪೇಟೆಯ ಹಿತ್ತಿಲಿಗೆ ಯಾರ ಕೈಯಿಂದ ಕೈಗೆ ದಾಟಿ ಬಂತೋ.

ಅಮ್ಮ ಶಾಲೆ ಕಲಿತದ್ದು ಕಡಿಮೆ. ಆದರೆ ಪ್ರತಿ ವರ್ಷ ದೀಪಾವಳಿ ಕಳೆದು ಎಲೆ ಹಳದಿಯಾಗುತ್ತಿದ್ದಂತೆ ನೀರು ನಿಲ್ಲಿಸಿಬಿಡುತ್ತಿದ್ದಳು. ಎಲೆ ಪೂರ್ತಿ ಒಣಗಿದ ಮೇಲೆ ಕುಂಡಗಳನ್ನು ಮೆಟ್ಟಿಲ ಕೆಳಗೆ ಒಂದು ಪಕ್ಕಕ್ಕೆ ವಾಲಿಸಿ ಮಲಗಿಸುತ್ತಿದ್ದಳು, ಅಕಾಲದ ಮಳೆಯ ಹನಿಯೂ ಒಳಗೆ ನಿಲ್ಲಬಾರದೆಂದು. ಯುಗಾದಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ಕರುಣೆಯಿಂದ ಚೊಂಬು ನೀರು ತಂದಾಗ ಕೈ ಹಿಡಿದು ನಿಲ್ಲಿಸಿದಳು. "ಮಲಗಿರೋ ಮಗೂನ ಎಬ್ಬಿಸಿ ಊಟ ತುರುಕ್ತಾರೇನೋ?"

1998ರ ನವರಾತ್ರಿಯ ಹೊತ್ತಿಗೆ ಅಮ್ಮ ತೀರಿಕೊಂಡಳು. ಆಗ ಅವಳ ಕುಂಡಗಳು ಹನ್ನೊಂದಾಗಿದ್ದವು. ಎಲೆ ಹಳದಿಯಾಗತೊಡಗಿತ್ತು. ಅಮ್ಮ ಹೋದ ತಿಂಗಳಲ್ಲೇ ಅವಳ ಗಿಡಗಳೂ ಬಾಡುತ್ತಿವೆಯೆಂದು ನನಗೆ ಎದೆಯಲ್ಲಿ ಏನೋ ಆಯಿತು. ನಾಳೆ ಬಂದವರು "ತಾಯಿ ಹೋದ ಮೇಲೆ ಗಿಡಕ್ಕೆ ನೀರು ಹಾಕುವವರೂ ಇಲ್ಲ" ಅನ್ನಬಾರದಲ್ಲ. ಪ್ರತಿದಿನ ಸ್ನಾನ ಮುಗಿಸಿ, ಬ್ಯಾಂಕಿಗೆ ಹೊರಡುವ ಮೊದಲು, ಹನ್ನೊಂದು ಕುಂಡಕ್ಕೂ ಒಂದೊಂದು ಚೊಂಬು ನೀರು ಹಾಕಿದೆ. ನವೆಂಬರ್, ಡಿಸೆಂಬರ್, ಜನವರಿ. ಚಳಿಯಲ್ಲಿ ಮಣ್ಣು ಆರಲೇ ಇಲ್ಲ. ಅವಳು ಹೇಳಿದ ಮಾತು ನನಗೆ ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಆದರೂ ಹಾಕಿದೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮಳೆ ಬಂತು, ಹೂ ಬರಲಿಲ್ಲ. ಜೂನ್‌ನಲ್ಲಿ ಒಂದು ಕುಂಡ ಬೋರಲು ಹಾಕಿದೆ. ಕೊಳೆತ ಈರುಳ್ಳಿಯ ವಾಸನೆ. ಗೆಡ್ಡೆ ಇದ್ದ ಜಾಗದಲ್ಲಿ ಸಿಪ್ಪೆಯೂ ಲೋಳೆಯೂ ಅಷ್ಟೇ. ಹನ್ನೊಂದರಲ್ಲೂ ಹಾಗೇ. "ಹಳೇ ಗೆಡ್ಡೆ, ವಯಸ್ಸಾಗಿತ್ತು" ಎಂದು ಮನೆಯಾಕೆಗೆ ಹೇಳಿದೆ.

ಆದದ್ದು ಇಷ್ಟು. ಎಲೆ ಒಣಗಿದ ಗೆಡ್ಡೆಗೆ ನೀರಿನ ಖರ್ಚೇ ಇಲ್ಲ. ಬೇರುಗಳು ಹೀರುವುದನ್ನು ನಿಲ್ಲಿಸಿರುತ್ತವೆ. ನಾವು ಹಾಕಿದ ನೀರು ಮಣ್ಣಿನಲ್ಲೇ ಕೂತು ಗಾಳಿಯನ್ನು ಹೊರಗಟ್ಟುತ್ತದೆ. ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಗೆಡ್ಡೆಯ ಬುಡದ ಬಿಲ್ಲೆಯಿಂದ ಕೊಳೆ ಶುರುವಾಗಿ ಒಳಗೆ ಏರುತ್ತದೆ. ಬಿಸಿಲಿಗೆ, ಬರಕ್ಕೆ ಆರು ತಿಂಗಳು ಜಗ್ಗದ ಜೀವ ಆರು ವಾರದ ಒದ್ದೆಗೆ ಸಾಯುತ್ತದೆ.

ಎರಡು ವರ್ಷದ ನಂತರ ಮಲ್ಲೇಶ್ವರದಲ್ಲಿದ್ದ ಚಿಕ್ಕಮ್ಮನ ಮನೆಗೆ ಒಂದು ನಾಮಕರಣಕ್ಕೆ ಹೋಗಿದ್ದೆ. ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಬಾವಿಕಟ್ಟೆಯ ಪಕ್ಕ, ತುಕ್ಕು ಹಿಡಿದ ಡಾಲ್ಡಾ ಡಬ್ಬದಲ್ಲಿ, ಕೆಂಪು ಚೆಂಡು. ನಾನು ಹಾಗೇ ನಿಂತುಬಿಟ್ಟೆ. ಚಿಕ್ಕಮ್ಮ ಹಿಂದಿನಿಂದ ಬಂದು, "ನಿಮ್ಮಮ್ಮ ಕೊಟ್ಟಿದ್ದು ಕಣೋ. ನಿಮ್ಮನೇಲಿ ಬುಟ್ಟಿಗಟ್ಟಲೆ ಇರಬೇಕಲ್ಲ ಈಗ?" ಎಂದಳು. ಒಂದೂ ಇಲ್ಲ ಎಂದೆ. ಏಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ವರ್ಷ ಎಲೆ ಒಣಗಿದ ಮೇಲೆ ಹೇಳಿ ಕಳಿಸಿ, ನಿಂಬೆಹಣ್ಣಿನಷ್ಟು ಗಾತ್ರದ ಒಂದು ಮರಿ ಗೆಡ್ಡೆಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು. ಅದು ಹೂ ಬಿಡಲು ಮೂರು ವರ್ಷ ತೆಗೆದುಕೊಂಡಿತು. ನನ್ನ ತಾರಸಿಯ ಕುಂಡಗಳಲ್ಲಿ ಒಂಬತ್ತು ಆ ಒಂದು ಗೆಡ್ಡೆಯ ಸಂತಾನ.

ಅಲ್ಲಿಂದ ನನಗೆ ಈ ಹುಚ್ಚು ಹತ್ತಿತು. ನಿವೃತ್ತಿಯಾದ ಮೇಲಂತೂ ಲಾಲ್‌ಬಾಗ್, ಸಿದ್ದಾಪುರದ ನರ್ಸರಿಗಳು, ಫಲಪುಷ್ಪ ಪ್ರದರ್ಶನದ ಮಳಿಗೆಗಳು ಎಂದು ಸುತ್ತಿದ್ದೇ ಸುತ್ತಿದ್ದು. ಒಂದು ವಿಷಯ ಬೇಗ ಅರ್ಥವಾಯಿತು. ಗೆಡ್ಡೆ ಎಂದ ಮಾತ್ರಕ್ಕೆ ಎಲ್ಲವೂ ನಮ್ಮ ಊರಿಗೆ ಆಗುವುದಿಲ್ಲ. ಟ್ಯುಲಿಪ್‌ಗೆ ಕಾಶ್ಮೀರದಂಥ ಚಳಿ ಬೇಕು. ಚಿತ್ರ ನೋಡಿ ಮರುಳಾಗಿ ದುಡ್ಡು ಕೊಟ್ಟು ತರಿಸಿದೆ, ಎಲೆ ಮೂಡಿ ಅಲ್ಲಿಗೇ ಮುಗಿಯಿತು. ದಕ್ಷಿಣ ಆಫ್ರಿಕಾದ ತುತ್ತತುದಿಯ ಕೇಪ್ ಪ್ರಾಂತ್ಯದ ಗೆಡ್ಡೆಗಳಿಗೆ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಹವೆ. ನಮ್ಮದು ಉಲ್ಟಾ. ಬೆಂಗಳೂರಿನ ಮಳೆಯ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣ. ಬೇಸಿಗೆಯಲ್ಲಿ ಮಳೆ ಪಡೆದು ಚಳಿಗಾಲದಲ್ಲಿ ಒಣಗುವ ಸೀಮೆಯ ಗೆಡ್ಡೆಗಳಿಗೆ ಬಸವನಗುಡಿಯೂ ತವರೇ.

ಅಂಥದರಲ್ಲಿ ನನಗೆ ಬಹಳ ಇಷ್ಟವಾದದ್ದು ನಮ್ಮ ನಾಡಿನದೇ ಗೌರಿ ಹೂ. ಅಗ್ನಿಶಿಖೆ ಅಂತಲೂ ಹೆಸರಿದೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆಲ್ಲ ಹತ್ತಿ ಹೂ ಬಿಡುವ ಬಳ್ಳಿ. ದಳಗಳು ಹಿಂದಕ್ಕೆ ಬಾಗಿ ಬೆಂಕಿಯ ನಾಲಗೆಯಂತೆ ಮೇಲೇಳುತ್ತವೆ. ಬಿರಿದಾಗ ಹಸಿರು-ಹಳದಿ, ದಿನ ಕಳೆದಂತೆ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ತಮಿಳುನಾಡಿನ ರಾಜ್ಯಪುಷ್ಪ ಇದೇ, ದೂರದ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ಇದರ ಗೆಡ್ಡೆ ಈರುಳ್ಳಿಯಂತಲ್ಲ, ನೇಗಿಲಿನಂತೆ ಎರಡು ಕವಲು. ಸಂಸ್ಕೃತದಲ್ಲಿ ಲಾಂಗಲೀ ಅನ್ನುವುದು ಅದಕ್ಕೇ, ಲಾಂಗಲ ಅಂದರೆ ನೇಗಿಲು. ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿರುತ್ತದೆ. ನೆಡುವಾಗ ಆ ತುದಿ ಮುರಿದರೆ ಕಥೆ ಮುಗಿಯಿತು. ಆದ್ದರಿಂದ ಎರಡು ಮೂರು ಅಂಗುಲ ಆಳದಲ್ಲಿ ಅಡ್ಡಡ್ಡ ಮಲಗಿಸಿ, ಮೃದುವಾಗಿ ಮಣ್ಣು ಮುಚ್ಚಬೇಕು.

ಇಲ್ಲೊಂದು ಎಚ್ಚರಿಕೆ. ಗೌರಿ ಹೂವಿನ ಗಿಡದ ಪ್ರತಿ ಭಾಗವೂ ವಿಷ, ಗೆಡ್ಡೆ ಮತ್ತು ಬೀಜ ಮಾರಕ ವಿಷ. ಅದರಲ್ಲಿರುವ ಕಾಲ್ಚಿಸಿನ್ ಎಂಬುದನ್ನು ಸಂಧಿವಾತದ ಒಂದು ಬಗೆಗೆ ವೈದ್ಯರು ಅಳೆದು ಕೊಡುತ್ತಾರೆ. ತಮಿಳುನಾಡಿನ ಒಣ ಜಿಲ್ಲೆಗಳಲ್ಲಿ ರೈತರು ಬೀಜಕ್ಕಾಗಿ ಇದನ್ನು ಬೆಳೆಯುವುದೂ ಅದಕ್ಕೇ. ನಮಗೆ ನೋಡುವುದಷ್ಟೇ. ಅಮ್ಮನ ಕೆಂಪು ಚೆಂಡೂ, ಲಿಲ್ಲಿ ಗೆಡ್ಡೆಗಳೂ ತಿನ್ನುವಂಥವಲ್ಲ. ಈರುಳ್ಳಿ ಬುಟ್ಟಿಯ ಹತ್ತಿರ ಒಣ ಗೆಡ್ಡೆ ಇಡಲೇಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಪುಟ್ಟ ಮಕ್ಕಳು, ನಾಯಿಮರಿ ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.

ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಕಾಡು ಈರುಳ್ಳಿ ಎಂಬುದೊಂದಿದೆ. ಬೇಸಿಗೆಯಲ್ಲಿ, ನೆಲ ಕಾದ ಹೆಂಚಿನಂತಿರುವಾಗ, ಒಂದೂ ಎಲೆಯಿಲ್ಲದೆ ಬರೀ ಹೂದಂಟು ಎತ್ತುತ್ತದೆ. ಎಲೆ ಬರುವುದು ಆಮೇಲೆ, ಮಳೆ ಹಿಡಿದ ಮೇಲೆ. ಇದೂ ವಿಷದ ಗೆಡ್ಡೆಯೇ. ಇದನ್ನು ನಾನು ಮನೆಗೆ ತಂದಿಲ್ಲ. ಕಾಡಿನಿಂದ ಗೆಡ್ಡೆ ಕಿತ್ತು ತರುವುದು ನನಗೆ ಸೇರುವುದಿಲ್ಲ. ಒಂದು ಗೆಡ್ಡೆ ಕಿತ್ತರೆ ಒಂದು ಹೂ ಮಾತ್ರ ಹೋಗುವುದಲ್ಲ, ಹತ್ತಾರು ವರ್ಷದ ಉಳಿತಾಯ ಹೋಗುತ್ತದೆ.

ಮಳೆ ಲಿಲ್ಲಿಯದು ಬೇರೆಯೇ ತಮಾಷೆ. ಹುಲ್ಲಿನಂಥ ಎಲೆ, ಗುಲಾಬಿ ಅಥವಾ ಬಿಳಿ ಹೂ, ಮೂಲ ಅಮೆರಿಕ ಖಂಡದ್ದು. ಮೂರು ನಾಲ್ಕು ವಾರ ಒಣಗಿಸಿ ಆಮೇಲೆ ಒಂದು ಜೋರು ಮಳೆ ಬಿದ್ದರೆ ಕೆಲವೇ ದಿನದಲ್ಲಿ ಕುಂಡ ತುಂಬ ಹೂ. ದಿನಾ ಸ್ವಲ್ಪ ಸ್ವಲ್ಪ ನೀರು ಕುಡಿಸಿದರೆ ಎಲೆ ಬೆಳೆದುಕೊಂಡು ಹಾಯಾಗಿರುತ್ತದೆ, ಹೂವಿನ ಯೋಚನೆಯನ್ನೇ ಮಾಡುವುದಿಲ್ಲ. ಮೆಕ್ಸಿಕೋದಿಂದ ಬಂದ ಸುಗಂಧರಾಜ ಅಪರೂಪದ್ದಲ್ಲ ಬಿಡಿ, ಗಾಂಧಿ ಬಜಾರಿನಲ್ಲಿ ನಿತ್ಯ ಸಿಗುತ್ತದೆ. ಆದರೆ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಶೃಂಗಾರ್, ಸುವಾಸಿನಿ, ಪ್ರಜ್ವಲ್ ತಳಿಗಳ ಗೆಡ್ಡೆ ಸಿಕ್ಕರೆ ಬಿಡಬೇಡಿ. ಕುಂಡದಲ್ಲೂ ಬರುತ್ತದೆ.

ಇನ್ನೊಂದು ಕ್ರೈನಮ್. ಸಮುದ್ರ ತೀರದ್ದು, ದೊಡ್ಡ ಬಿಳಿ ಹೂ, ಜೇಡರ ಕಾಲಿನಂಥ ದಳ. ಕೆಲಸದಲ್ಲಿದ್ದಾಗ ಕಾರವಾರ ಕಡೆಯ ಸಹೋದ್ಯೋಗಿಯೊಬ್ಬರು ಊರಿಂದ ಬರುವಾಗ ಇದರ ಒಂದು ಬೀಜ ತಂದುಕೊಟ್ಟರು. ಬೀಜವೆಂದರೆ ಸಣ್ಣ ಆಲೂಗಡ್ಡೆಯಂತೆ ಮೆತ್ತಗೆ, ರಸಭರಿತ. ವರ್ಷಾಂತ್ಯದ ಲೆಕ್ಕದ ಗಡಿಬಿಡಿಯಲ್ಲಿ ಡ್ರಾಯರಿಗೆ ಹಾಕಿ ಮರೆತೆ. ಏಪ್ರಿಲ್ ಕಳೆದು ತೆಗೆದರೆ ವೋಚರುಗಳ ನಡುವೆ ಒಂದು ಹಸಿರು ಮೊಳಕೆ! ಮಣ್ಣಿಲ್ಲ, ನೀರಿಲ್ಲ, ಬೆಳಕೂ ಇಲ್ಲ. ಬೇಕಾದದ್ದೆಲ್ಲ ಬೀಜವೇ ಕಟ್ಟಿಕೊಂಡು ಬಂದಿತ್ತು. ಮ್ಯಾನೇಜರ್ ಸಾಹೇಬರೂ ಬಂದು ನೋಡಿಹೋದರು. ಆ ಗಿಡ ಈಗ ತಾರಸಿಯ ಅತಿ ದೊಡ್ಡ ಕುಂಡದಲ್ಲಿದೆ. ಇದಕ್ಕೊಂದು ಶತ್ರು ಇದೆ, ಕಪ್ಪು ಮೈಯ ಮೇಲೆ ಬಿಳಿ-ಹಳದಿ ಚುಕ್ಕೆಯ ಹುಳು. ಎಲೆಯೊಳಗೇ ಕೊರೆದು ಗೆಡ್ಡೆಗೆ ಇಳಿಯುತ್ತದೆ. ಔಷಧಿಗಿಂತ ಬೆಳಗ್ಗೆ ಎದ್ದು ಕಡ್ಡಿಯಲ್ಲಿ ಆರಿಸುವುದೇ ವಾಸಿ.

ಮಣ್ಣಿನ ವಿಷಯ ಹೆಚ್ಚಿಲ್ಲ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಈಗ ಸಿಗುವುದು ಎಂ-ಸ್ಯಾಂಡ್, ಅದರ ನುಣ್ಣನೆ ಪುಡಿಯನ್ನು ಜರಡಿ ಹಿಡಿದು ತೆಗೆಯದಿದ್ದರೆ ಸಿಮೆಂಟಿನಂತೆ ಕಟ್ಟುತ್ತದೆ. ಸುಟ್ಟ ಮಣ್ಣಿನ ಕುಂಡವೇ ಇರಲಿ, ಪ್ಲಾಸ್ಟಿಕ್ ಬೇಡ. ತೂತಿನ ಮೇಲೆ ಹೆಂಚಿನ ಚೂರು. ಕೆಂಪು ಚೆಂಡಿನ ಗೆಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕಿರಬೇಕು. ಕೊಳ್ಳುವಾಗ ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ತರಬೇಡಿ. ಹೂ ಹೋದ ಮೇಲೆ ಎಲೆ ಹಸಿರಾಗಿರುವಷ್ಟು ಕಾಲ ನೀರು, ಗೊಬ್ಬರ ಧಾರಾಳವಾಗಿ ಕೊಡಿ. ಆಗ ದುಡಿದದ್ದೇ ಮುಂದಿನ ವರ್ಷದ ಹೂ. ಅಂದಕ್ಕೆಂದು ಹಸಿರೆಲೆ ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಮತ್ತೆ 2024ಕ್ಕೆ ಬರುತ್ತೇನೆ. ಮಾರ್ಚ್ ಹೋಯಿತು, ಯುಗಾದಿ ಬಂತು, ಏಪ್ರಿಲ್‌ನಲ್ಲಿ ಮಾವಿನ ಮಳೆ ಬರಬೇಕು, ಒಂದು ಹನಿಯೂ ಇಲ್ಲ. ತಿಂಗಳ ಕೊನೆಗೆ ಉಷ್ಣಾಂಶ 38 ಡಿಗ್ರಿ ದಾಟಿತು. ನನಗೂ ಒಳಗೊಳಗೇ ಅಳುಕು. ಮಗನ ಮನೆಯವರೆಲ್ಲ ನಮ್ಮೊಂದಿಗೇ ಇದ್ದಾರೆ. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಒಂದು ಸಂಜೆ ಕುಂಡಗಳ ಬಳಿ ಹೋದರೆ ಒಂದು ಕುಂಡದ ಬುಡ ಮಾತ್ರ ಕಪ್ಪಗಿದೆ. ಮುಟ್ಟಿದೆ, ತಣ್ಣಗಿತ್ತು. ಪಕ್ಕದಲ್ಲಿ ಅವಳ ಶಾಲೆಯ ನೀರಿನ ಬಾಟಲಿಯ ಮುಚ್ಚಳ ಬಿದ್ದಿತ್ತು.

ಕರೆದು ಕೇಳಿದೆ. ತಲೆ ತಗ್ಗಿಸಿದಳು. "ದಿನಾ ಶಾಲೆಯಲ್ಲಿ ಉಳಿಸಿದ ನೀರು ತಾತ. ಮನೇದಲ್ಲ, ಕಾವೇರಿ ನೀರು ವೇಸ್ಟ್ ಮಾಡಿಲ್ಲ. ರಜಾ ಬಂದ ಮೇಲೆ ನಾನು ಕುಡಿಯೋ ನೀರಲ್ಲೇ ಅರ್ಧ. ಪಾಪ, ನೀನು ಅದಕ್ಕೆ ಏನೂ ಹಾಕ್ತಾನೇ ಇರಲಿಲ್ಲ." ಎಷ್ಟು ದಿನದಿಂದ? ಮಾರ್ಚ್ ತಿಂಗಳಿಂದ. ಎಲ್ಲಕ್ಕೂ ಸಾಲುವುದಿಲ್ಲವೆಂದು ಒಂದನ್ನೇ ಆರಿಸಿಕೊಂಡಿದ್ದಳು. ಅದು ಚಿಕ್ಕಮ್ಮ ಕೊಟ್ಟ ಮೂಲ ಗೆಡ್ಡೆಯ ಕುಂಡ. ಎಲ್ಲಕ್ಕಿಂತ ದೊಡ್ಡದೆಂದು ಅದನ್ನೇ ಆರಿಸಿದ್ದಳು.

ಬಾಯಿಗೆ ಬಂದ ಮಾತು ಬಾಯಲ್ಲೇ ನಿಂತಿತು. ಅಲ್ಲೇ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು 1998ರ ಕಥೆಯನ್ನು ಪೂರ್ತಿ ಹೇಳಿದೆ. ಹನ್ನೊಂದು ಕುಂಡ, ಹನ್ನೊಂದು ಚೊಂಬು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅದನ್ನು ಒಬ್ಬರಿಗೆ ಹೇಳಿದ್ದು. "ಮುತ್ತಜ್ಜಿಗೆ ಗೊತ್ತಾಗಿದ್ರೆ ಬೈತಿದ್ರಾ?" ಎಂದು ಕೇಳಿದಳು. ಬೈಯುತ್ತಿದ್ದಳು, ಆಮೇಲೆ ಕಾಫಿ ಕೊಡುತ್ತಿದ್ದಳು ಎಂದೆ.

ಇಬ್ಬರೂ ಸೇರಿ ಕುಂಡ ಬೋರಲು ಹಾಕಿದೆವು. ವಾಸನೆ ಬರಲಿಲ್ಲ, ಅಷ್ಟು ಪುಣ್ಯ. ಗೆಡ್ಡೆಯ ಬುಡ ಒಂದು ಮಗ್ಗುಲಲ್ಲಿ ಕಂದಾಗಿ ಮೆತ್ತಗಾಗಿತ್ತು. ಚೂಪಾದ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದೆ. ಗಾಯಕ್ಕೆ ಅವಳು ಅರಿಸಿನ ಪುಡಿ ಹಚ್ಚಿದಳು. ಸಜ್ಜದ ನೆರಳಲ್ಲಿ ಗೋಣಿಚೀಲದ ಮೇಲೆ ಆರಲು ಇಟ್ಟೆವು. ಅದನ್ನು ದಿನಕ್ಕೆ ನಾಲ್ಕು ಸಲ ನೋಡಿಬರುವುದು ಅವಳ ಕೆಲಸ, ನೀರು ಹಾಕದೆ ಬರುವುದು ಇನ್ನೂ ದೊಡ್ಡ ಕೆಲಸ.

ಮೇ ಮೊದಲ ವಾರದಲ್ಲಿ ಕೊನೆಗೂ ಮಳೆ ಬಂತು. ಗುಡುಗಿದ ಕೂಡಲೇ ನಾವಿಬ್ಬರೂ ತಾರಸಿಗೆ ಓಡಿ ವಾಲಿಸಿಟ್ಟ ಕುಂಡಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದೆವು, ಸೊಸೆ ಕೆಳಗಿನಿಂದ ಕೂಗುತ್ತಲೇ ಇದ್ದಳು. ಮಳೆ ಲಿಲ್ಲಿ ನಾಲ್ಕನೇ ದಿನಕ್ಕೆ ಬಿರಿಯಿತು. ಎಂಟನೇ ದಿನ ಒಂದು ಕುಂಡದಲ್ಲಿ ಮಣ್ಣು ಬಿರುಕು ಬಿಟ್ಟು ಕೆಂಪು ಮೂತಿ ಕಾಣಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಉಳಿದ ಎಂಟು ಕುಂಡಗಳಲ್ಲೂ ಚೆಂಡುಗಳು. ಪಕ್ಕದ ಮನೆಯವರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಕತ್ತರಿಸಿದ ಗೆಡ್ಡೆಯನ್ನು ಜೂನ್‌ನಲ್ಲಿ ಹೊಸ ಮಣ್ಣಿಗೆ ಹಾಕಿದೆವು. ಆ ವರ್ಷ ಹೂ ಇಲ್ಲ, ಎರಡು ಬಡಕಲು ಎಲೆ ಮಾತ್ರ. ಆದರೆ ಎಲೆ ದೀಪಾವಳಿಯವರೆಗೂ ಹಸಿರಾಗಿತ್ತು. ಈಗ ಆ ಕುಂಡ ಮೊಮ್ಮಗಳ ಹೆಸರಿಗೆ ವರ್ಗವಾಗಿದೆ. ಎಲೆ ಒಣಗಿದ ದಿನ ಅವಳೇ ಅದನ್ನು ಮೆಟ್ಟಿಲ ಕೆಳಗೆ ವಾಲಿಸಿಟ್ಟು, ರಟ್ಟಿನ ಚೂರಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಸಿಕ್ಕಿಸಿದಳು: "ಮಲಗಿದೆ. ನೀರು ಹಾಕಬೇಡಿ. ತಾತ, ನೀನೂ ಕೂಡ."